ಹಾಲಿನ ಪಾತ್ರೆ ಮತ್ತು ಮಂತ್ರಿಯ ಕಿವಿ

ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಕೆಲಸವನ್ನು ನಾವು ಕೆಲವರು ಹದಿನೈದು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳೇ ನಮ್ಮ ಪ್ರಪಂಚ. (ಸಾಲಿಗ್ರಾಮ, ಸರಗೂರು ಈಗ ಬೇರೆ ತಾಲ್ಲೂಕುಗಳಾಗಿವೆ, ಶಿಬಿರಕ್ಕೆ ಬರುವ ಮಕ್ಕಳಿಗೆ ಅದರಿಂದ ಬಸ್ಸಿನ ದಾರಿಯೇನೂ ಕಡಿಮೆಯಾಗಿಲ್ಲ.) ನಮ್ಮಲ್ಲಿ ಇಬ್ಬರು ಶಾಲಾ ಶಿಕ್ಷಕರು, ಒಬ್ಬ ಮೈಸೂರಿನಲ್ಲಿ ರಂಗ ತರಬೇತಿ ಪಡೆದು ಬಂದವ, ಉಳಿದದ್ದು ಕಥೆ ಬರೆಯುವ ಈ ಕೈ. ನಟನೆ ಕಲಿಸಲು ನಮಗೇನು ಅರ್ಹತೆ ಎಂದು ಯಾರಾದರೂ ಕೇಳಿದರೆ ಉತ್ತರ ಕಷ್ಟ. ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು ಎಂಬುದು ಎಲ್ಲ ಮೇಷ್ಟರುಗಳೂ ಹೇಳುವ ಮಾತು. ನಮ್ಮ ವಿಷಯದಲ್ಲಿ ಕಲಿತದ್ದು ತಡವಾಗಿ, ಅದೂ ಒಬ್ಬ ಹುಡುಗನ ಕಾಲಿನ ಬೆಲೆ ತೆತ್ತು.

ಮಕ್ಕಳಿಗೆ ನಾಟಕ ಕಲಿಸುವವರಿಗೆ ಮೊದಲ ದಿನವೇ ಎದುರಾಗುವ ತೊಂದರೆ ಒಂದಿದೆ. ಹುಡುಗನಿಗೆ ಮಾತು ಬಾಯಿಪಾಠವಾಗಿರುತ್ತದೆ, ಧ್ವನಿಯೂ ಚೆನ್ನಾಗಿರುತ್ತದೆ. ರಂಗದ ಮೇಲೆ ನಿಂತೊಡನೆ ಕಣ್ಣು ಅಲೆಯತೊಡಗುತ್ತದೆ. ಅಮ್ಮ ಎಲ್ಲಿ ಕೂತಿದ್ದಾಳೆ, ಮಾವ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಾನೆಯೇ, ಮುಂದಿನ ಸಾಲಿನ ಪೋಕರಿಗಳು ಯಾಕೆ ನಗುತ್ತಿದ್ದಾರೆ? ಸಾಯುತ್ತಿರುವ ರಾಜ ಒಂದು ಕಣ್ಣು ತೆರೆದು ತಂಗಿಗೆ ಕೈಬೀಸಿದ್ದನ್ನೂ ನಾವು ಕಂಡಿದ್ದೇವೆ. ಆದ್ದರಿಂದ ನಟನೆಯ ಮೊದಲ ಪಾಠ ಏಕಾಗ್ರತೆ ಎಂದು ನಾವು ನಂಬಿದ್ದೆವು, ಅದನ್ನು ಕಲಿಸಲು ನಮ್ಮ ಬಳಿ ಒಂದು ಕಥೆಯೂ ಇತ್ತು.

ಈ ಕಥೆ ನಮ್ಮ ತಾಲ್ಲೂಕುಗಳಿಗೆ ಬಂದ ದಾರಿಯೇ ಸ್ವಾರಸ್ಯದ್ದು. ಮಾಸ್ಕೋ ಆರ್ಟ್ ಥಿಯೇಟರನ್ನು 1898ರಲ್ಲಿ ಕಟ್ಟಿದವರಲ್ಲಿ ಒಬ್ಬನಾದ ಸ್ತಾನಿಸ್ಲಾವ್‌ಸ್ಕಿ ನಟರಿಗಾಗಿ ಬರೆದ ಪುಸ್ತಕ 1936ರಲ್ಲಿ ಇಂಗ್ಲಿಷಿನಲ್ಲಿ 'ಆ್ಯನ್ ಆ್ಯಕ್ಟರ್ ಪ್ರಿಪೇರ್ಸ್' ಎಂದು ಬಂತು. ಅದರಲ್ಲಿ ಏಕಾಗ್ರತೆಗೇ ಒಂದು ಅಧ್ಯಾಯವಿದೆ. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನ ರಂಗಾಯಣ ಶುರುವಾಯಿತು. ಇಂಥ ಕಡೆ ಕಲಿತವರು ಊರೂರಿಗೆ ಹಂಚಿಹೋದಂತೆ ಮಾಸ್ಕೋದ ಪಾಠಗಳೂ ಹುಣಸೂರಿನ ಶಾಲೆಯ ಅಂಗಳಕ್ಕೆ ಬಂದು ಇಳಿದವು. ತಮಾಷೆಯೆಂದರೆ ಸ್ತಾನಿಸ್ಲಾವ್‌ಸ್ಕಿ ಆ ಕಥೆಯನ್ನು ನಮ್ಮ ದೇಶದ್ದೆಂದೇ ಹೇಳುತ್ತಾನೆ. ಒಬ್ಬ ಮಹಾರಾಜ ಮಂತ್ರಿಯನ್ನು ಆರಿಸಬೇಕಿತ್ತು. ಅಂಚಿನವರೆಗೆ ಹಾಲು ತುಂಬಿದ ಪಾತ್ರೆಯನ್ನು ಹಿಡಿದು, ಒಂದು ತೊಟ್ಟೂ ಚೆಲ್ಲದೆ ಕೋಟೆಯ ಗೋಡೆಯ ಮೇಲೆ ಊರು ಸುತ್ತಿ ಬರುವವನೇ ಮಂತ್ರಿ. ಬಂದವರೆಲ್ಲ ಯಾವುದೋ ಕೂಗಿಗೆ, ಯಾವುದೋ ನೋಟಕ್ಕೆ ಮನಸ್ಸು ಕೊಟ್ಟು ಹಾಲು ಚೆಲ್ಲಿದರು. ಕೊನೆಗೊಬ್ಬ ಬಂದ. ಜನ ಚೀರಿದರು, ಹೆದರಿಸಿದರು, ಗುಂಡು ಹಾರಿಸಿದರು. ಒಂದು ಹನಿ ಚೆಲ್ಲಲಿಲ್ಲ. ಚೀರಾಟ ಕೇಳಲಿಲ್ಲವೇ ಎಂದು ರಾಜ ವಿಚಾರಿಸಿದಾಗ ಅವನು, ಇಲ್ಲ, ಹಾಲನ್ನು ನೋಡುತ್ತಿದ್ದೆ ಎಂದ. ಮಂತ್ರಿಯಾದ.

ಈ ಕಥೆಯನ್ನು ನಾವು ಪ್ರತಿ ಶಿಬಿರದಲ್ಲೂ ಹೇಳುತ್ತಿದ್ದೆವು. ಹಾಲಿಗೆ ಬದಲು ಸ್ಟೀಲ್ ಚೊಂಬಿನಲ್ಲಿ ನೀರು. ಒಬ್ಬ ಮಗು ನಡೆಯಬೇಕು, ಉಳಿದವರು ಸುತ್ತ ನಿಂತು ಕಿರುಚಬೇಕು, ಹೆಸರು ಹಿಡಿದು ಕರೆಯಬೇಕು, ನಗಿಸಬೇಕು. ಮಕ್ಕಳಿಗೆ ಇದು ಬಹಳ ಇಷ್ಟದ ಆಟ. ವಾರದೊಳಗೆ ಕೆಲವರು ಎಷ್ಟು ಪಳಗುತ್ತಿದ್ದರೆಂದರೆ ಬೆನ್ನ ಹಿಂದೆ ತಟ್ಟೆ ಬಡಿದರೂ ರೆಪ್ಪೆ ಅಲುಗುತ್ತಿರಲಿಲ್ಲ. ನಾವು ಬೀಗುತ್ತಿದ್ದೆವು.

ಕೆಲವು ಬೇಸಿಗೆಗಳ ಹಿಂದೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಶಿಬಿರದ ಕೊನೆಯ ದಿನದ ಪ್ರದರ್ಶನವಿತ್ತು. ನಾವೇ ಹೆಣೆದ ಒಂದು ರಾಜನ ಕಥೆ. ರಾಜನ ಪಾತ್ರ ಮಾಡಿದವಳು ಎಂಟನೆಯ ತರಗತಿಯ ಹುಡುಗಿ, ನಮ್ಮ ಚೊಂಬಿನ ಆಟದಲ್ಲಿ ಎಲ್ಲರಿಗಿಂತ ಗಟ್ಟಿಗಿತ್ತಿ. ಬೆಂಚುಗಳನ್ನು ಜೋಡಿಸಿ, ಮೇಲೆ ಜಮಖಾನೆ ಹಾಸಿ ರಂಗ ಮಾಡಿದ್ದೆವು. ಎರಡನೆಯ ದೃಶ್ಯದಲ್ಲಿ ಕಾವಲುಗಾರನಾಗಿದ್ದ ಹುಡುಗನ ಕಾಲು ಎರಡು ಬೆಂಚುಗಳ ಸಂದಿಯಲ್ಲಿ ಸಿಕ್ಕಿತು. ಅವನು ಮಗ್ಗುಲಾಗಿ ಬಿದ್ದ. ಬಿದ್ದವನು ಕೂಗಲಿಲ್ಲ. ಅವನಿಗೂ ಅದೇ ಪಾಠವಾಗಿತ್ತಲ್ಲ. ರಾಜ ತನ್ನ ಮಾತು ಮುಂದುವರಿಸಿದಳು, ಒಂದು ಶಬ್ದವೂ ತಪ್ಪದಂತೆ, ನಾಲ್ಕು ನಿಮಿಷ. ಅದು ನಾಟಕದ ಭಾಗವೆಂದೇ ತಿಳಿದು ಜನ ಚಪ್ಪಾಳೆ ತಟ್ಟಿದರು. ನಾವು ಪಕ್ಕದಲ್ಲಿ ನಿಂತು ನೋಡುತ್ತಿದ್ದೆವು. ಹುಡುಗ ಬಿದ್ದದ್ದು ನಮಗೆ ಕಂಡಿತ್ತು. ಆದರೂ ಆ ಗಳಿಗೆಯಲ್ಲಿ ಮನಸ್ಸಿಗೆ ಬಂದದ್ದು, ಒಪ್ಪಿಕೊಳ್ಳಲು ನಾಚಿಕೆಯಾದರೂ ಹೇಳಲೇಬೇಕು, ಮೆಚ್ಚುಗೆ. ಎಂಥ ಹುಡುಗಿ, ಎಳ್ಳಷ್ಟೂ ಅಲುಗಲಿಲ್ಲವಲ್ಲ!

ಅಷ್ಟರಲ್ಲಿ ಚಾಪೆಯ ಮೇಲೆ ಕೂತಿದ್ದ ಹೆಂಗಸೊಬ್ಬರು ಎದ್ದು ರಂಗದ ಕಡೆ ನಡೆದುಬಂದರು. ನಮ್ಮಲ್ಲೊಬ್ಬರು ಅಡ್ಡ ಹೋಗಿ, "ಅಮ್ಮಾ, ನಾಟಕ ನಡೀತಾ ಇದೆ" ಎಂದು ಪಿಸುಗುಟ್ಟಿದರು. ಆಕೆ ನಿಲ್ಲಲಿಲ್ಲ. "ನಾಟ್ಕ ಆಮ್ಯಾಕೆ ಆಡಿ ಸ್ವಾಮಿ. ಮಗ ಬಿದ್ದವ್ನೆ, ಕಾಣಾಕಿಲ್ವಾ ನಿಮ್ಗೆ?" ಎನ್ನುತ್ತ ಬೆಂಚು ಹತ್ತಿಯೇಬಿಟ್ಟರು. ಹುಡುಗನ ಪಾದದ ಮೂಳೆ ಬಿರುಕು ಬಿಟ್ಟಿತ್ತು. ಮೂರು ವಾರ ಪ್ಲಾಸ್ಟರು ಹಾಕಿಸಿಕೊಂಡು ಮನೆಯಲ್ಲಿ ಕೂತ.

ಅಂದು ಸಂಜೆ ರಾಜನ ಪಾತ್ರದ ಹುಡುಗಿ ಮುಖದ ಬಣ್ಣ ಒರೆಸಿಕೊಳ್ಳದೆ ಮೂಲೆಯಲ್ಲಿ ಕೂತಿದ್ದಳು. ನೀನೇನೂ ತಪ್ಪು ಮಾಡಿಲ್ಲವಮ್ಮ ಎಂದು ಸಮಾಧಾನ ಹೇಳಲು ಹೋದೆವು. ಅವಳು ತಲೆಯೆತ್ತಿ, "ಸಾರ್, ಅವನು ಬಿದ್ದಿದ್ದು ನಂಗೆ ಕಾಣ್ತು. ಕಣ್ಣಲ್ಲಿ ನೀರು ಬಂದಿದ್ದೂ ಕಾಣ್ತು. ನೀವು ಹಾಲಿನ ಕಥೆ ಹೇಳಿದ್ರಲ್ಲ, ಅದಕ್ಕೆ ಕಾಣ್ದೇ ಇರೋ ಹಂಗೆ ಇದ್ಬಿಟ್ಟೆ" ಎಂದಳು.

ಅವಳ ಗಮನ ಎಲ್ಲಿಯೂ ಕೆಟ್ಟಿರಲಿಲ್ಲ. ಅವಳು ಎಲ್ಲವನ್ನೂ ನೋಡಿದ್ದಳು. ನೋಡಿದ್ದನ್ನು ನೋಡಿಲ್ಲವೆಂದು ನಟಿಸುವುದನ್ನು ನಾವು ಕಲಿಸಿದ್ದೆವು, ಅದಕ್ಕೆ ಏಕಾಗ್ರತೆ ಎಂಬ ದೊಡ್ಡ ಹೆಸರನ್ನೂ ಇಟ್ಟಿದ್ದೆವು.

ಮನೆಗೆ ಬಂದು ಆ ಕಥೆಯನ್ನು ಮತ್ತೆ ಮನಸ್ಸಿಗೆ ತಂದುಕೊಂಡಾಗ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಎನ್ನಿಸಿತು. ರಾಜನಿಗೆ ಬೇಕಾಗಿದ್ದದ್ದು ಮಂತ್ರಿ. ಊರಿನ ಜನ ಚೀರುವುದು ತನಗೆ ಕೇಳಿಸಲೇ ಇಲ್ಲ ಎಂದವನನ್ನು ಅವನು ಊರಾಳಲು ನೇಮಿಸಿಕೊಂಡ! ಹಾಲು ಉಳಿಯಿತು, ಸರಿ. ಆದರೆ ಅಂಥ ಮಂತ್ರಿಯ ಬಾಗಿಲಿಗೆ ಅರ್ಜಿ ಹಿಡಿದು ಹೋಗುವವರ ಗತಿ ಏನು? ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತು ಅಭ್ಯಾಸವಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡತವನ್ನೇ ನೋಡುತ್ತ ಎದುರಿಗಿನ ಮುಖವನ್ನು ನೋಡದವರ ಏಕಾಗ್ರತೆ ನಮಗೆಲ್ಲ ಗೊತ್ತು.

ಇದೇ ಕಥೆಯ ಹಳೆಯ ರೂಪವೊಂದು ಪಾಲಿ ಭಾಷೆಯ ಬೌದ್ಧ ಗ್ರಂಥಗಳಲ್ಲಿದೆ. ಅಲ್ಲಿ ಹಾಲಿಗೆ ಬದಲು ಎಣ್ಣೆ. ಒಂದು ಕಡೆ ನೆರೆದ ಜನ, ಇನ್ನೊಂದು ಕಡೆ ಹಾಡಿ ಕುಣಿಯುವ ನಾಡಿನ ಚೆಲುವೆ, ಬೆನ್ನ ಹಿಂದೆ ಕತ್ತಿ ಹಿರಿದ ಮನುಷ್ಯ. ಒಂದು ಹನಿ ಚೆಲ್ಲಿದರೆ ತಲೆ ಉರುಳುತ್ತದೆ. ಬುದ್ಧ ಅದನ್ನು ಹೇಳಿದ್ದು ಭಿಕ್ಷುಗಳಿಗೆ, ತಮ್ಮ ದೇಹ ಮನಸ್ಸುಗಳ ಮೇಲೆ ಎಚ್ಚರವಿಡಲು; ಮಂತ್ರಿ ಪದವಿಯ ಮಾತು ಅಲ್ಲಿಲ್ಲ. ನಮ್ಮ ಶಿಬಿರದ ಮಕ್ಕಳು ಬೈಲಕುಪ್ಪೆಯ ಗುಡಿ ನೋಡಲು ಹೋದಾಗ ಅಲ್ಲಿನ ಎಳೆಯ ಭಿಕ್ಷುಗಳು ಪಾಠದ ನಡುವೆಯೇ ತಲೆಯೆತ್ತಿ ಇವರನ್ನು ನೋಡಿ ನಕ್ಕದ್ದುಂಟು, ಯಾರ ತಲೆಯೂ ಉರುಳಲಿಲ್ಲ. ಆದರೆ ಆ ಕತ್ತಿ ನಮ್ಮನ್ನು ಯೋಚನೆಗೆ ಹಚ್ಚಿತು. ಸ್ತಾನಿಸ್ಲಾವ್‌ಸ್ಕಿಯ ಕಥೆಯಲ್ಲಿ ಗುಂಡು, ಇಲ್ಲಿ ಕತ್ತಿ, ನಮ್ಮ ಶಿಬಿರದಲ್ಲಿ 'ಚೆಲ್ಲಿದವರು ಔಟು' ಎಂಬ ಕೂಗು. ಭಯದಿಂದ ಹುಟ್ಟಿದ ಏಕಾಗ್ರತೆಗೆ ತನ್ನ ತಲೆ ಉಳಿಸಿಕೊಳ್ಳುವುದರ ಆಚೆ ಏನೂ ಕಾಣುವುದಿಲ್ಲ. ಆ ಹುಡುಗಿ ಹೆದರಿದ್ದು ಸಭೆಗಲ್ಲ, ನಮಗೆ.

ಹಾಗಾದರೆ ಗಮನ ಎಂದರೇನು? ಹುಣಸೂರಿನಿಂದ ಕೋಟೆಗೆ ಹೋಗುವ ಸರ್ಕಾರಿ ಬಸ್ಸಿನ ಚಾಲಕರನ್ನು ನೋಡಿ. ಕಣ್ಣು ರಸ್ತೆಯ ಮೇಲೆ, ಬಸ್ಸಿನ ತುಂಬ ಜನರ ಗಲಾಟೆ, ಯಾರೋ ಬಾಗಿಲ ಬಳಿ ಜಗಳ. ಅದ್ಯಾವುದೂ ಅವರನ್ನು ಮುಟ್ಟುವುದಿಲ್ಲ. ಕಂಡಕ್ಟರ ಸೀಟಿ ಊದಿದರೆ ಮಾತ್ರ ಬ್ರೇಕಿನ ಮೇಲೆ ಕಾಲು ಹೋಗುತ್ತದೆ. ಇಲ್ಲವೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಐದಾರು ರಾತ್ರಿ ಕಾಯುವ ರೈತನನ್ನು ನೋಡಿ. ಬಿಸಿ ಒಂದಿಷ್ಟು ಏರಿದರೆ ವರ್ಷದ ದುಡಿಮೆ ಕಪ್ಪಾಗುತ್ತದೆ, ಆದ್ದರಿಂದ ಕಣ್ಣು ಬೆಂಕಿಯ ಮೇಲಿಂದ ಕದಲುವುದಿಲ್ಲ. ಆದರೂ ಮನೆಯೊಳಗೆ ಮಗು ಕೆಮ್ಮಿದ್ದು ಅವನಿಗೆ ಕೇಳಿಸುತ್ತದೆ. ನಮ್ಮ ಹುಡುಗರ ಅಪ್ಪಂದಿರೇ ಇವರು. ಪಾಠ ಮಾಸ್ಕೋದಿಂದ ತರಿಸಿದ ನಾವು ಇವರ ಕಡೆ ತಿರುಗಿರಲಿಲ್ಲ.

ಕಥೆ ಬರೆಯುವವರಿಗೆ ಶಬ್ದದ ಚಪಲ ಜಾಸ್ತಿ, ಓದುಗರು ಕ್ಷಮಿಸಬೇಕು. ಉರ್ದು ಪ್ರಾಥಮಿಕ ಶಾಲೆಯಲ್ಲಿ ನಮ್ಮ ಉಸ್ತಾದರು ಗದರುತ್ತಿದ್ದದ್ದು "ತವಜ್ಜುಹ್ ದೋ" ಎಂದು. ಆ ಶಬ್ದದ ಬೇರು ಅರಬ್ಬಿಯ ವಜ್ಹ್, ಎಂದರೆ ಮುಖ. ಮುಖವನ್ನು ಒಂದು ಕಡೆಗೆ ತಿರುಗಿಸುವುದೇ ತವಜ್ಜುಹ್. ಮುಂದೆ ಕನ್ನಡ ಹೈಸ್ಕೂಲಿಗೆ ಹೋದಾಗ ಮೇಷ್ಟರು "ಗಮನ ಕೊಡ್ರೋ" ಎನ್ನುತ್ತಿದ್ದರು. ಗಮನವೆಂದರೆ ಹೋಗುವುದು, ನಡೆಯುವುದು. ನಮ್ಮ ಹಳ್ಳಿಗಳಲ್ಲಿ ದನಕರುವಿನ ಮೇಲೆ, ಬೆಳೆಯ ಮೇಲೆ ಇಡುವ 'ನಿಗಾ' ಪಾರಸಿಯ ನಿಗಾಹ್, ನೋಟ. ಒಂದರಲ್ಲಿ ಮುಖ ತಿರುಗುತ್ತದೆ, ಒಂದರಲ್ಲಿ ಮನಸ್ಸು ನಡೆದುಹೋಗುತ್ತದೆ, ಒಂದರಲ್ಲಿ ಕಣ್ಣು ನೆಡುತ್ತದೆ. ಮೂರರಲ್ಲಿ ಯಾವುದಕ್ಕೂ ಬಾಗಿಲು ಮುಚ್ಚಿಕೊಳ್ಳುವ ಅರ್ಥವಿಲ್ಲ. ಇನ್ನು ಅವಧಾನ. ನಮ್ಮ ಕಾಲದಲ್ಲಿ ಶತಾವಧಾನಿ ಆರ್. ಗಣೇಶರು ಕನ್ನಡದಲ್ಲಿ ಮತ್ತೆ ಬೆಳಗಿಸಿದ ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಒಬ್ಬರ ಮೇಲೊಬ್ಬರು ಸವಾಲೆಸೆಯುತ್ತಾರೆ. ಅವರಲ್ಲಿ ಒಬ್ಬನ ಕೆಲಸವೇ ಅಪ್ರಸ್ತುತ ಮಾತಾಡಿ ಗಮನ ಕೆಡಿಸುವುದು. ಅವಧಾನಿ ಅವನನ್ನು ಕೇಳಿಸಿಕೊಳ್ಳದೆ ಕೂತರೆ ಅವಧಾನ ಸೋತಂತೆ. ಅವನಿಗೂ ನಗುತ್ತ ತಕ್ಕ ಉತ್ತರ ಕೊಟ್ಟು, ಬಿಟ್ಟಲ್ಲಿಂದ ಪದ್ಯವನ್ನು ಎತ್ತಿಕೊಳ್ಳಬೇಕು. ಹಾಲಿನ ಪಾತ್ರೆಯವನಿಗಿಂತ ಈ ಮನುಷ್ಯ ನಟನಿಗೆ ಹೆಚ್ಚು ಹತ್ತಿರದವನಲ್ಲವೇ?

ಹತ್ತಿರದವರು ಇನ್ನೂ ಒಬ್ಬರಿದ್ದರು. ಕೆ.ಆರ್. ನಗರದ ಕಡೆ ಇಂದಿಗೂ ರೈತರು ಸೇರಿ 'ಕುರುಕ್ಷೇತ್ರ'ದಂಥ ಪೌರಾಣಿಕ ನಾಟಕ ಆಡುತ್ತಾರೆ. ಹೊಲದ ಕೆಲಸ ಮುಗಿಸಿ ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ, ಪಾತ್ರಕ್ಕೆ ಇಷ್ಟೆಂದು ಕೈಯಿಂದಲೇ ದುಡ್ಡು, ಸೀನರಿ ಬಾಡಿಗೆಗೆ, ಹೆಣ್ಣು ಪಾತ್ರಕ್ಕೆ ಪಟ್ಟಣದ ಕಲಾವಿದೆಯರು. ಇದನ್ನೆಲ್ಲ ನಡೆಸುವವರು ಹಾರ್ಮೋನಿಯಂ ಮೇಷ್ಟ್ರು. ನಮ್ಮ ರಂಗ ತರಬೇತಿಯ ಗೆಳೆಯರು ಈ ನಾಟಕಗಳನ್ನು ಕಂಡು ಮೂಗು ಮುರಿಯುವುದುಂಟು, ನಾವೂ ಮುರಿದವರೇ. ಆದರೆ ಗಮನದ ವಿಚಾರಕ್ಕೆ ಬಂದರೆ ಅಲ್ಲಿರುವ ಪಾಠಶಾಲೆ ಬೇರೆಲ್ಲೂ ಇಲ್ಲ. ಕರ್ಣ ಹಾಡುತ್ತಿರುತ್ತಾನೆ, ನಡುವೆ ಅವನ ಬಾವಮೈದ ರಂಗಕ್ಕೆ ಹತ್ತಿ ನೋಟಿನ ಹಾರ ಹಾಕುತ್ತಾನೆ, ಕೆಳಗಿನಿಂದ 'ವನ್ಸ್ ಮೋರ್' ಕೂಗು. ಕರ್ಣ ಹಾರಕ್ಕೆ ಕೈಮುಗಿಯುತ್ತಾನೆ, ಎರಡನೆಯ ಸಲ ಹಾಡುತ್ತಾನೆ, ಮರುಕ್ಷಣ ಕುಂತಿಯ ಮುಂದೆ ಅವನ ಕಣ್ಣು ಒದ್ದೆಯಾಗುತ್ತದೆ. ಕಂಪೆನಿ ನಾಟಕಗಳ ಕಾಲದಿಂದ, ಚಂದ್ರಕಲಾ ಕಂಪೆನಿ ಕಟ್ಟಿದ ಮಹಮದ್ ಪೀರ್ ಅವರಂಥ ನಟರ ಕಾಲದಿಂದ ನಮ್ಮ ನಟರು ಇಂಥ ಸಭೆಗಳ ಮುಂದೆಯೇ ಬೆಳೆದದ್ದು. ಮಹಾನಟನೊಳಗೆ ಸದಾ ಎಚ್ಚರವಾಗಿರುವ ಒಬ್ಬ ನೋಡುಗನಿರುತ್ತಾನೆಂದು ಫ್ರೆಂಚ್ ಲೇಖಕ ದಿದೆರೋ ವಾದಿಸಿದ. ಆ ಸಂವಾದ ಅಚ್ಚಾದದ್ದು ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1830ರಲ್ಲಿ. ನಮ್ಮ ಕರ್ಣ ಅದನ್ನು ಓದಿಲ್ಲ, ಓದುವ ಅಗತ್ಯವೂ ಅವನಿಗಿಲ್ಲ.

ಅಲ್ಲಿನ ಮೇಷ್ಟ್ರೊಬ್ಬರನ್ನು ನಾವು ಒಂದು ರಾತ್ರಿಯಿಡೀ ನೋಡುತ್ತ ಕೂತೆವು. ಮಂದ್ರದಲ್ಲಿ ಕೈಯಾಡಿಸುತ್ತಿದ್ದ ಅವರ ಕಣ್ಣು ಒಮ್ಮೆಯೂ ಮನೆಗಳ ಮೇಲಿರಲಿಲ್ಲ. ನಟನ ಗಂಟಲ ಮೇಲಿತ್ತು. ದುರ್ಯೋಧನನ ದನಿ ಬೆಳಗಿನ ಜಾವ ಒಡೆಯುವ ಸೂಚನೆ ಸಿಕ್ಕಿದ್ದೇ ಶ್ರುತಿ ಇಳಿಸಿದರು. ಭೀಮ ಒಂದು ಸಾಲು ನುಂಗಿದರೆ ಇವರು ಪದ್ಯವನ್ನು ಮುಂದಿನಿಂದ ಎತ್ತಿಕೊಟ್ಟರು. ಕೇಳುವವರಿಗೆ ಯಾವುದೂ ಗೊತ್ತಾಗಲಿಲ್ಲ. ಬೆಳಿಗ್ಗೆ ಟೀ ಕುಡಿಯುತ್ತ ಅದರ ಬಗ್ಗೆ ಕೇಳಿದರೆ, "ಅವ್ರು ಎಲ್ಲಿ ಬೀಳ್ತಾರೆ ಅಂತ ನಂಗೆ ಮೊದ್ಲೇ ಗೊತ್ತಾಗ್ಬೇಕು ಸಾಬ್ರೆ, ಇಲ್ದಿದ್ರೆ ನಾನ್ಯಾಕೆ ಇರ್ಬೇಕು" ಎಂದರು. ನ್ಯಾಯವಾಗಿ ಹೇಳಬೇಕಾದರೆ ಸ್ತಾನಿಸ್ಲಾವ್‌ಸ್ಕಿಯ ಪುಸ್ತಕದಲ್ಲೂ ಮುಂದೆ ಸಹನಟನೊಡನೆ ಬೆರೆಯುವ ಬಗ್ಗೆ ಬೇರೊಂದು ಅಧ್ಯಾಯವಿದೆ. ಆತುರದಲ್ಲಿ ಮೊದಲರ್ಧ ಓದಿ ಶಿಬಿರ ಶುರು ಮಾಡಿದವರು ನಾವು.

ನಮಾಜಿನಲ್ಲೂ ಇದೇ ಪ್ರಶ್ನೆಯಿದೆ, ಖುಷೂ ಎನ್ನುತ್ತಾರೆ, ಮನಸ್ಸು ತಗ್ಗಿ ಒಂದೆಡೆ ನಿಲ್ಲುವುದು. ಹಜ್ರತ್ ಅಲಿಯವರ ಕಾಲಿಗೆ ನಾಟಿದ ಬಾಣವನ್ನು ಅವರು ನಮಾಜಿನಲ್ಲಿದ್ದಾಗ ಕಿತ್ತರೂ ನೋವು ತಿಳಿಯಲಿಲ್ಲವೆಂಬ ಕಥೆಯನ್ನು ಅಜ್ಜಿ ಹೇಳುತ್ತಿದ್ದರು. ಬಾಲ್ಯದಲ್ಲಿ ನಮಗೆ ಅದೇ ಆದರ್ಶವಾಗಿತ್ತು, ನಮ್ಮ ಮನಸ್ಸೋ ಪಕ್ಕದವನ ಟೋಪಿಯ ಮೇಲೆ. ದೊಡ್ಡವರಾದ ಮೇಲೆ ಬುಖಾರಿಯಲ್ಲಿ ಇನ್ನೊಂದು ವರದಿ ಓದಿದೆವು. ದೀರ್ಘವಾಗಿ ನಮಾಜು ಮಾಡಬೇಕೆಂದು ನಿಂತ ಪ್ರವಾದಿಯವರು ಹಿಂದಿನ ಸಾಲುಗಳಿಂದ ಮಗುವಿನ ಅಳು ಕೇಳಿಸಿದರೆ ಅದನ್ನು ಚುಟುಕು ಮಾಡಿ ಮುಗಿಸುತ್ತಿದ್ದರಂತೆ, ತಾಯಿಗೆ ಕಷ್ಟವಾಗಬಾರದೆಂದು. ಅಲಿಯವರ ಕಥೆಯಲ್ಲಿ ಬಾಣ ನಾಟಿದ್ದು ಅವರದೇ ಕಾಲಿಗೆ. ತನ್ನ ನೋವಿಗೆ ಕಿವುಡಾಗುವುದು ಒಂದು, ಇನ್ನೊಬ್ಬರ ಅಳುವಿಗೆ ಕಿವುಡಾಗುವುದು ಮತ್ತೊಂದು. ಪಿರಿಯಾಪಟ್ಟಣದ ರಂಗದಲ್ಲಿ ಈ ಎರಡನ್ನೂ ನಾವು ಒಂದೇ ಪಾಠದಲ್ಲಿ ಕಲಿಸಿದ್ದೆವು: ಬಿದ್ದವನಿಗೆ ಮೊದಲನೆಯದು, ನಿಂತವಳಿಗೆ ಎರಡನೆಯದು.

ಇಷ್ಟೆಲ್ಲ ಕೇಳಿದ ಮೇಲೆ ಮೈಸೂರಿನಲ್ಲಿ ಕಲಿತು ಬಂದ ನಮ್ಮ ಗೆಳೆಯ ಒಪ್ಪಲಿಲ್ಲ. ಪ್ರತಿಯೊಂದು ಕೂಗಿಗೂ ಓಗೊಡುವವನು ನಟನಾಗಲಾರ, ಅವನು ಸಂತೆಯಲ್ಲಿ ಕಳೆದುಹೋದ ಮಗು ಎಂದ. ಅವನ ಮಾತಿನಲ್ಲಿ ಸತ್ಯವಿದೆ. ಎಚ್.ಡಿ. ಕೋಟೆಯ ಶಿಬಿರಕ್ಕೆ ಹಾಡಿಯಿಂದ ಬರುತ್ತಿದ್ದ ಜೇನುಕುರುಬರ ಹುಡುಗನೊಬ್ಬ ನಮ್ಮ ಕಣ್ಣ ಮುಂದೆಯೇ ಇದ್ದ. ಕಣ್ಣು ಮುಚ್ಚಿ ಎರಡು ನಿಮಿಷ ಕೂತು ಕೇಳಿಸಿದ ಸದ್ದುಗಳನ್ನೆಲ್ಲ ಹೇಳಿ ಎಂದಾಗ ಪೇಟೆಯ ಮಕ್ಕಳು ನಾಲ್ಕೈದು ಹೇಳಿ ನಿಲ್ಲಿಸಿದರು, ಅವನು ಬೆರಳು ಮಡಿಸುತ್ತ ಹದಿನೇಳಕ್ಕೆ ಬಂದ. ಹೆಂಚಿನ ಮೇಲೆ ಓಡಿದ ಅಳಿಲು, ಮೂರು ಬಗೆಯ ಹಕ್ಕಿ, ನಮ್ಮಲ್ಲೊಬ್ಬರ ಹೊಟ್ಟೆಯ ಸದ್ದು ಕೂಡ. ಶಾಲೆಯಲ್ಲಿ ಇವನನ್ನು 'ಗಮನವಿಲ್ಲದವ' ಎಂದೇ ಕರೆಯುತ್ತಿದ್ದರು. ಆದರೆ ರಂಗದ ಮೇಲೆ ನಿಂತಾಗ ಆ ಹದಿನೇಳೂ ಸದ್ದುಗಳು ಒಟ್ಟಿಗೆ ನುಗ್ಗಿ ಬಂದು ಅವನ ಬಾಯಿ ಕಟ್ಟಿಬಿಡುತ್ತಿದ್ದವು. ಕೇಳಬೇಡ ಎಂದು ಹೇಳಲು ನಮಗೆ ಮನಸ್ಸು ಬರಲಿಲ್ಲ. ಕೊನೆಗೆ ಎದುರಿನ ಪಾತ್ರದ ಹುಡುಗಿಯ ಉಸಿರು ಎಲ್ಲಿ ನಿಲ್ಲುತ್ತದೆ, ಅದೊಂದನ್ನು ಹುಡುಕು ಎಂದೆವು. ಅವನು ಹುಡುಕಿದ. ಆಮೇಲೆ ಅವನ ಮಾತು ತಾನಾಗಿ ಬಂತು ಎನ್ನುವಷ್ಟು ಸುಲಭವಾಗಲಿಲ್ಲ, ಆದರೆ ಬಂತು.

ಈಗ ಚೊಂಬಿನ ಆಟವನ್ನು ನಾವು ಬಿಟ್ಟಿಲ್ಲ, ಬದಲಿಸಿದ್ದೇವೆ. ಒಂದು ಚೊಂಬನ್ನು ಇಬ್ಬರು ಹಿಡಿದು ನಡೆಯಬೇಕು. ಸುತ್ತ ನಿಂತವರು ಎಷ್ಟು ಬೇಕಾದರೂ ಕಿರುಚಲಿ. ಜೊತೆಗಾರ ಎಡವಿದರೆ ನೀರು ಚೆಲ್ಲಿದರೂ ಚಿಂತೆಯಿಲ್ಲ, ಅವನನ್ನು ಹಿಡಿಯಬೇಕು. ಇದರಿಂದ ಪ್ರದರ್ಶನಗಳು ಮೊದಲಿನಷ್ಟು ಬಿಗಿಯಾಗಿ ಬರುತ್ತಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಒಮ್ಮೆ ಒಬ್ಬಳು, "ಯಾವ ಕೂಗಿಗೆ ನಿಲ್ಲಬೇಕು, ಯಾವುದಕ್ಕೆ ನಿಲ್ಲಬಾರದು ಅಂತ ಹೆಂಗೆ ಗೊತ್ತಾಗುತ್ತೆ ಸಾರ್?" ಎಂದು ಕೇಳಿದಳು. ನಮ್ಮಲ್ಲಿ ಅದಕ್ಕೆ ಸೂತ್ರವಿಲ್ಲ. ಎಲ್ಲ ಭಾರವನ್ನೂ ಮಕ್ಕಳ ತಲೆಯ ಮೇಲೆ ಹಾಕಬಾರದೆಂದು ಒಂದು ಏರ್ಪಾಡು ಮಾಡಿಕೊಂಡಿದ್ದೇವೆ: ಪರದೆಯ ಹಗ್ಗದ ಬಳಿ ದೊಡ್ಡವರೊಬ್ಬರು ಕೂರುತ್ತಾರೆ. ಅವರಿಗೆ ನಾಟಕದ ಹಂಗಿಲ್ಲ. ಯಾವ ಮಗುವಿಗಾದರೂ ಪೆಟ್ಟಾಯಿತು ಎನ್ನಿಸಿದರೆ ನಮ್ಮನ್ನು ಕೇಳದೆ ಪರದೆ ಇಳಿಸಬಹುದು.

ಕಳೆದ ಸಲ ಕೆ.ಆರ್. ನಗರದಲ್ಲಿ ಶಿಬಿರಕ್ಕೆ ಅಡುಗೆ ಮಾಡುತ್ತಿದ್ದ ಅಕ್ಕನನ್ನು ಹಗ್ಗದ ಬಳಿ ಕೂರಿಸಿದ್ದೆವು. ಮೂರನೆಯ ದೃಶ್ಯದಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗಿ ಅಳುವ ಭಾಗವಿತ್ತು. ಅವಳು ಅತ್ತಳು. ದಢಾರನೆ ಪರದೆ ಬಿತ್ತು. ಸಭೆಯಲ್ಲಿ ಗುಸುಗುಸು, ಆಮೇಲೆ ನಗು. ಹುಡುಗಿ ಕಣ್ಣೊರೆಸಿಕೊಳ್ಳುತ್ತ ಸಿಟ್ಟಿನಿಂದ ಓಡಿಬಂದು, "ಅಕ್ಕಾ, ಅದು ನಿಜವಾದ ಅಳು ಅಲ್ಲ, ಆಕ್ಟಿಂಗು!" ಎಂದು ಕಾಲು ನೆಲಕ್ಕೆ ಬಡಿದಳು. ಅಕ್ಕ ಹಗ್ಗ ಬಿಡದೆಯೇ, "ನಂಗೇನ್ ಗೊತ್ತು ಮಗ, ನೀನು ಹಂಗ್ ಅತ್ಬುಟ್ಟೆ" ಎಂದರು. ಹುಡುಗಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಪರದೆ ಎತ್ತಿ, ದೃಶ್ಯವನ್ನು ಮೊದಲಿನಿಂದ ಆಡಿಸಿದೆವು. ಎರಡನೆಯ ಸಲ ಅವಳ ಅಳು ಅಷ್ಟು ಚೆನ್ನಾಗಿ ಬರಲಿಲ್ಲ.